ಬಾಂಬೆ ದಾಟಿ ಪುಕೆಕೊಹೆಗೆ

ಆಕ್ಲೆಂಡಿನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ ಪುಕೆಕೊಹೆ. ಬಾಂಬೆಯಲ್ಲಿ ಹೈವೇ ಬಿಟ್ಟು ಬಲಕ್ಕೆ ತಿರುಗಬೇಕು. ಹೌದು, ಬಾಂಬೆಯೇ! 1863ರಲ್ಲಿ ವಲಸಿಗರನ್ನು ಹೊತ್ತು ತಂದ ‘ಬಾಂಬೆ’ ಎಂಬ ಹಡಗಿನ ಹೆಸರು ಇಲ್ಲಿನ ಪುಟ್ಟ ಊರಿಗೆ ಅಂಟಿಕೊಂಡಿದೆ. ಅಸಲಿ ಬಾಂಬೆ 1995ರಲ್ಲಿ ಮುಂಬೈ ಆದರೂ ಇದು ಜಪ್ಪಯ್ಯ ಅಂದರೂ ಬದಲಾಗಿಲ್ಲ. ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ “ಬಾಂಬೆ ಹತ್ತಿರ ಇದ್ದೀವಮ್ಮ” ಅಂದರೆ, “ಅಯ್ಯೋ, ಮೊದಲೇ ಹೇಳಬಾರದಿತ್ತೇನೋ, ದೋಸೆಗೆ ನೆನೆಹಾಕ್ತಿದ್ದೆ!” ಅಂದರು.

ಜೂನ್ ತಿಂಗಳ ರಾಜರ ಹುಟ್ಟುಹಬ್ಬದ ರಜೆ. ರಾಜ ಚಾರ್ಲ್ಸ್ ನಿಜವಾಗಿ ಹುಟ್ಟಿದ್ದು ನವೆಂಬರ್ 14ರಂದು, ಅಂದರೆ ನಮ್ಮ ಚಾಚಾ ನೆಹರೂ ಹುಟ್ಟಿದ ದಿನ. ಆದರೂ ಜೂನ್‌ನಲ್ಲಿ ಮೂರು ದಿನ ಬಿಡುವು ಸಿಗುವಾಗ ಪಂಚಾಂಗ ತೆಗೆದು ತಕರಾರು ಮಾಡುವವರು ಯಾರು? ನನ್ನಾಕೆಯದು ಒಂದೇ ಷರತ್ತು: “ರೀ, ಮೂರು ದಿನ ನೀವು ಡಾಕ್ಟರ್ ಅಲ್ಲ. ಯಾರ ನಾಡಿಯನ್ನೂ ಹಿಡಿಯಕೂಡದು.” ಸ್ಟೆತಸ್ಕೋಪು ಮನೆಯಲ್ಲೇ ಉಳಿಯಿತು.

ಮೊದಲು ಪುಕೆಕೊಹೆ ಗುಡ್ಡ ಹತ್ತಿದೆವು. ಗುಡ್ಡ ಎಂದರೂ ಅದು ಐದು ಲಕ್ಷ ವರ್ಷಗಳಿಗೂ ಹಿಂದೆ ಉರಿದು ತಣ್ಣಗಾದ ಜ್ವಾಲಾಮುಖಿ. ಎತ್ತರ ಸುಮಾರು 220 ಮೀಟರ್, ಅಷ್ಟೆ. ವಿದ್ಯಾರ್ಥಿಯಾಗಿದ್ದಾಗ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದವನು ಎಂದು ಮಕ್ಕಳಿಗೆ ಹೇಳುತ್ತಲೇ ಮೂರು ಸಲ ನಿಂತೆ. ಪ್ರಕೃತಿ ವೀಕ್ಷಣೆಗಾಗಿ ಎಂದು ದಯವಿಟ್ಟು ಓದಿಕೊಳ್ಳಿ.

ಮೇಲಿನಿಂದ ಕಂಡದ್ದು ಉದ್ದುದ್ದ ಸಾಲು ಹೊಡೆದ ಕೆಂಗಂದು ಹೊಲಗಳು. ಹಿಮ ಬೀಳುವುದು ಅಪರೂಪವಾದ್ದರಿಂದ ಚಳಿಗಾಲದಲ್ಲೂ ಇಲ್ಲಿ ತರಕಾರಿ ಬೆಳೆಯುತ್ತದೆ. ಈರುಳ್ಳಿ, ಆಲೂಗಡ್ಡೆಗಳಂತೂ ಈ ಊರಿನ ಗುರುತು. ‘ಪುಕೆಕೊಹೆ ಲಾಂಗ್ ಕೀಪರ್’ ಎಂದು ಈರುಳ್ಳಿ ತಳಿಯೇ ಒಂದಿದೆ. ಹೆಸರೇ ಹೇಳುವಂತೆ ಬಹುಕಾಲ ಕೆಡದೆ ಇರುತ್ತದೆ. ಆ ಮಣ್ಣಿನ ಬಣ್ಣ ನೋಡಿ ನನಗೆ ಚಿಕ್ಕಬಳ್ಳಾಪುರದ ಕಡೆಯ ಹೊಲಗಳೂ ಅಲ್ಲಿನ ಪುಟ್ಟ ಗುಲಾಬಿ ಈರುಳ್ಳಿಯೂ ನೆನಪಾದವು. ಬಾಯಲ್ಲಿ ನೀರು ಬಂತು. ಚಿಕ್ಕ ಈರುಳ್ಳಿ ಸಾಂಬಾರ್ ಇಲ್ಲದ ವೀಕೆಂಡ್ ಎಂಥ ವೀಕೆಂಡ್!

ನಾವು ಇಳಿದುಕೊಂಡ ಫಾರ್ಮಿನ ಹಿಂದಿನ ಕಣಿವೆಯಲ್ಲಿ ಮೂರು ಕೊಹೆಕೊಹೆ ಮರಗಳಿದ್ದವು. ಪುಕೆ ಎಂದರೆ ಮಾವೋರಿಯಲ್ಲಿ ಗುಡ್ಡ. ಕೊಹೆಕೊಹೆ ಮರಗಳ ಗುಡ್ಡವೇ ಪುಕೆಕೊಹೆ. ಮರದ ಕಾಂಡದಿಂದಲೇ ಬಿಳಿ ಹೂಗೊಂಚಲುಗಳು ಜೋತಾಡುತ್ತಿದ್ದವು, ಥೇಟ್ ನಮ್ಮ ಹಲಸಿನ ಮರ ಬುಡದಲ್ಲೇ ಕಾಯಿ ಬಿಟ್ಟಂತೆ! ಆದರೆ ಇದು ಹಲಸಿನ ನೆಂಟನಲ್ಲ, ಬೇವಿನ ನೆಂಟ. ಎರಡೂ ಒಂದೇ ಸಸ್ಯಕುಟುಂಬದವು. ಪ್ರತಿ ಯುಗಾದಿಗೆ ಬೇವಿನ ಎಸಳಿಗಾಗಿ ಇಂಡಿಯನ್ ಅಂಗಡಿಗಳನ್ನೆಲ್ಲ ಜಾಲಾಡುವ ನಮಗೆ ಈ ಸುದ್ದಿ ಮೊದಲೇ ಗೊತ್ತಿರಬೇಕಿತ್ತು. ನನ್ನಾಕೆ ಆಗಲೇ ಒಂದು ಎಲೆಯತ್ತ ಕೈ ಚಾಚಿದ್ದಳು. “ಬೇಡ ಕಣೇ, ನೆಂಟಸ್ತಿಕೆ ದೂರದ್ದು” ಎಂದೆ.

ಫಾರ್ಮಿನ ಯಜಮಾನರು ಗುಜರಾತಿ ಮೂಲದವರು, ಮೂರನೆಯ ತಲೆಮಾರು. ಎಪ್ಪತ್ತು ದಾಟಿದ ಹಿರಿಯರು. ಸಂಜೆ ಚಹಾ ಕುಡಿಯುವಾಗ ಗಾಜಿನ ಬೀರುವಿನಿಂದ ಒಂದು ವಸ್ತು ತೆಗೆದು ತೋರಿಸಿದರು. ಕೂದಲು ಕತ್ತರಿಸುವ ಹಳೆಯ ಕೈಮಷೀನು! “ನಮ್ಮ ತಾತನದು. ಭಾನುವಾರ ಶೆಡ್ಡಿನ ಹಿಂದೆ ಸಾಲಾಗಿ ಕೂತು ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳುತ್ತಿದ್ದರು” ಎಂದರು.

ಯಾಕೆಂದರೆ ಊರಿನ ಕ್ಷೌರದಂಗಡಿಗಳಲ್ಲಿ ಭಾರತೀಯರಿಗೂ ಮಾವೋರಿಗಳಿಗೂ ಪ್ರವೇಶವಿರಲಿಲ್ಲ. ಸಿನಿಮಾ ಮಂದಿರದಲ್ಲಿ ಬಾಲ್ಕನಿ ಟಿಕೆಟ್ಟೂ ಇಲ್ಲ, ಕೆಳಗಿನ ಸೀಟೇ ಗತಿ. 1920ರ ದಶಕದಲ್ಲಿ ಚೀನೀಯರು ಮತ್ತು ಭಾರತೀಯರು ಇಲ್ಲಿ ಬೇಸಾಯ ಮಾಡಬಾರದೆಂದು ‘ವೈಟ್ ನ್ಯೂಜಿಲೆಂಡ್ ಲೀಗ್’ ಹುಟ್ಟಿದ್ದು ಇದೇ ಪುಕೆಕೊಹೆಯಲ್ಲಿ. ನಮ್ಮವರು ಜಾಗ ಬಿಟ್ಟು ಕದಲಲಿಲ್ಲ. ಕಳೆ ಕಿತ್ತರು, ಈರುಳ್ಳಿ ಬೆಳೆದರು, 1950ರ ದಶಕದಲ್ಲಿ ದುಡ್ಡು ಕೂಡಿಸಿ ತಮ್ಮದೇ ಸಭಾಂಗಣ ಕಟ್ಟಿದರು. ಅದಕ್ಕಿಟ್ಟ ಹೆಸರು ನೆಹರೂ ಹಾಲ್.

ಎಂ.ಡಿ. ಸರ್ಟಿಫಿಕೇಟು ಬ್ಯಾಗಿನಲ್ಲಿಟ್ಟುಕೊಂಡು ವಿಮಾನದಲ್ಲಿ ಬಂದಿಳಿದವನು ನಾನು. ಇಲ್ಲಿ ನೋಂದಣಿಯಾಗಲು ಮತ್ತೆ ಪರೀಕ್ಷೆ ಬರೆಯಬೇಕಾಯಿತಲ್ಲ ಎಂಬ ಗೊಣಗಾಟವನ್ನು ಪ್ರತಿ ಪಾರ್ಟಿಯಲ್ಲೂ ಹಾಡಿದ್ದುಂಟು. ಕೂಟದ ಗೆಳೆಯರಿಗೆ ಅದು ಬಾಯಿಪಾಠ. ಆದರೆ ಪರೀಕ್ಷೆಯ ಹಿಂದಿನ ದಿನ ಸಲೂನಿಗೆ ಹೋದಾಗ ಯಾರೂ ಬಾಗಿಲು ತೋರಿಸಿರಲಿಲ್ಲ. ಮಷೀನನ್ನು ಕೈಯಲ್ಲಿ ಹಿಡಿದು ಒಂದೆರಡು ಸಲ ಒತ್ತಿ ನೋಡಿದೆ. ಎಣ್ಣೆ ಹಾಕಿ ಇಟ್ಟಿದ್ದಾರೆ, ಇನ್ನೂ ಸರಾಗವಾಗಿ ಆಡುತ್ತದೆ. ಹಿರಿಯರು ನನ್ನ ಬೋಳು ನೆತ್ತಿ ನೋಡಿ ಮೀಸೆಯಲ್ಲೇ ನಕ್ಕರು.

ಅಷ್ಟರಲ್ಲಿ ನನ್ನಾಕೆಯೇ ಗುಟ್ಟು ರಟ್ಟು ಮಾಡಿದಳು: “ಇವರು ಡಾಕ್ಟ್ರು.” ಸರಿ, ಹಿರಿಯರು ಪ್ಯಾಂಟು ಮೇಲೆತ್ತಿ ಮೊಣಕಾಲು ಮುಂದೆ ಚಾಚಿದರು. ಷರತ್ತು ಅವಳದೇ, ಮುರಿದವಳೂ ಅವಳೇ! ಅರ್ಧ ಗಂಟೆ ಪರೀಕ್ಷಿಸಿ ಸಲಹೆ ಕೊಟ್ಟೆ. ಮೆಟ್ಟಿಲು ಕಡಿಮೆ ಹತ್ತಿ, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡಿ, ತೂಕ ಇಳಿಸಿ... ಕೊನೆಯದನ್ನು ಹೇಳುವಾಗ ಹೊಟ್ಟೆ ಒಳಗೆಳೆದುಕೊಂಡೆ.

ಫೀಸು ಬೇಡವೆಂದರೂ ಕೇಳಲಿಲ್ಲ. ಹೊರಡುವಾಗ ಕಾರಿನ ಡಿಕ್ಕಿ ಮುಚ್ಚಲಾಗಲಿಲ್ಲ. ಒಳಗೆ 20 ಕಿಲೋ ಈರುಳ್ಳಿ ಮೂಟೆ. ಲಾಂಗ್ ಕೀಪರ್ ಅಂತೆ. ಕೂಟದ ಬಾಂಧವರು ಚೀಲ ಹಿಡಿದು ಮನೆಗೆ ಬರಬಹುದು.