ಹೈದರಾಬಾದಿನ ಆಫರ್ ಬಂತು, ಹೊರಡೋಣ್ವಾ?

ಹೈದರಾಬಾದಿನಿಂದ ಆಫರ್ ಬಂದಿದೆ. ಸಂಬಳ ಜಾಸ್ತಿ. ಮನೆ ಅಡ್ವಾನ್ಸೂ ನಮ್ಮ ಬೆಂಗಳೂರಿನ ಹಾಗೆ ಜೀವ ಹಿಂಡಲ್ಲ, ಸಾಮಾನ್ಯವಾಗಿ ಎರಡು ತಿಂಗಳ ಬಾಡಿಗೆ ಕೊಟ್ರೆ ಆಯ್ತು. ಹೊರಡೋಣ್ವಾ?

ತಡೀರಿ. ಕಾರಿದೆಯಾ? ಕೆಎ ನಂಬರಿನ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿದ್ರೆ ಅಲ್ಲೇ ಮರುನೋಂದಣಿ ಮಾಡಿಸ್ಬೇಕು. ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಲ್ಲಿ ಮತ್ತೆ ಟ್ಯಾಕ್ಸ್. ಇಲ್ಲಿ ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸಿನ ಉಳಿದ ಪಾಲು ವಾಪಸ್ ಕೇಳಬಹುದು. ಆದ್ರೆ ಮೊದಲು ಅಲ್ಲಿ ಕಟ್ಟಿ, ಆಮೇಲೆ ಇಲ್ಲಿ ಅರ್ಜಿ ಹಾಕಿ, ಕಾಯ್ತಾ ಕೂರ್ಬೇಕು.

ಕಾರು ಬಿಡಿ, ದೊಡ್ಡ ಲೆಕ್ಕ ಮಕ್ಕಳದು. ಇದನ್ನ ಎಚ್‌ಆರ್ ಹೇಳಲ್ಲ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮ ಏನಂದ್ರೆ, ಒಂದನೇ ಕ್ಲಾಸಿಂದ ಸೆಕೆಂಡ್ ಪಿಯುವರೆಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಹತ್ತನೇ ಕ್ಲಾಸೋ ಸೆಕೆಂಡ್ ಪಿಯುನೋ ಇಲ್ಲೇ ಪಾಸಾಗಿರಬೇಕು. ವಿನಾಯಿತಿಗಳಿವೆ, ಎಲ್ಲರಿಗೂ ಅಲ್ಲ. ಈಗ ಬೆರಳು ಮಡಚಿ. ಮಗಳು ನಾಲ್ಕನೇ ಕ್ಲಾಸ್ ಮುಗಿಸಿ ಹೊರಟಳು. ಹತ್ತನೇ ಕ್ಲಾಸಿಗೆ ವಾಪಸ್ ಬಂದ್ರೆ 4ಕ್ಕೆ 3 ಸೇರಿ 7. ಪಿಯುಸಿಗೆ ಬಂದ್ರೆ 6. ಒಂದೇ ಒಂದು ವರ್ಷ ಕಮ್ಮಿ!

ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ, 2018ರ ಕಾನೂನು. ಲಿಪಿ ನಮ್ಮ ಲಿಪಿಯ ಒಡಹುಟ್ಟು, ಮಕ್ಕಳು ಬೇಗ ಹಿಡ್ಕೋತಾರೆ. ಹೋಂವರ್ಕ್ ಮಾಡಿಸೋ ಅಮ್ಮನ ಪಾಡು ಬೇರೆ ಬಿಡಿ.

ನನ್ನ ಕೇಳಿದ್ರೆ, ಮೊದಲ ಮೂರು ತಿಂಗಳು ಒಬ್ಬರೇ ಹೋಗಿ ಪಿಜಿಯಲ್ಲಿರಿ. ಸಂಜೆ ರೈಲು ಹತ್ತಿದ್ರೆ ಬೆಳಗ್ಗೆ ಹೈದರಾಬಾದಿನ ಕಾಚಿಗುಡ ಸ್ಟೇಷನ್. ಬೆಂಗಳೂರಿನ ಮನೆ ಮಾತ್ರ ಈಗಲೇ ಖಾಲಿ ಮಾಡ್ಬೇಡಿ.