ಸಂಚಾರಿ ಮನೆಯ ಎಂಜಿನ್ನಿಗೆ ಹೊಸ ಎಣ್ಣೆ

ಗಾಲಿಗಳ ಮೇಲೆ ಮನೆ ಕಟ್ಟಿಕೊಂಡು ಊರೂರು ಸುತ್ತುವ ಹವ್ಯಾಸವು ನಮ್ಮ ದೇಶಕ್ಕೂ ಕಾಲಿಟ್ಟಿದೆ. ಡೀಸೆಲ್ ಮಿನಿ ಬಸ್ಸೊಂದರಲ್ಲಿ ಮಲಗುವ ಹಲಗೆ, ಒಲೆ, ನೀರಿನ ತೊಟ್ಟಿಗಳನ್ನು ಅಳವಡಿಸಿಕೊಂಡು, ಪನವೇಲಿನಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು, ಕರಾವಳಿಯ ಹುಟ್ಟೂರಿಗೆ ಹೋಗಿಬರುವ ಸುಖವನ್ನು ಮುಂಬಯಿಯ ಕನ್ನಡಿಗರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಇಂತಹ ವಾಹನದ ಎಂಜಿನ್ ಎಣ್ಣೆಯನ್ನು ಒಡೆಯನು ತಾನೇ ಬದಲಿಸಿಕೊಳ್ಳುವುದು ಅಸಾಧ್ಯವೇನಲ್ಲ. ಆದರೆ ಗ್ಯಾರೇಜಿನ ಕೂಲಿಯನ್ನು ಉಳಿಸುವವನು ಗ್ಯಾರೇಜಿನ ಹೊಣೆಯನ್ನೂ ತಾನೇ ಹೊರಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿ ಬೇಕಿಲ್ಲ. ಬಲವಾಗಿ ಅದುಮಿದ ಗಾಳಿಯ ಕಾವೇ ಸಾಕು. ಈ ದಹನದಲ್ಲಿ ಹುಟ್ಟುವ ಮಸಿಯ ಒಂದಂಶವು ಎಣ್ಣೆಯನ್ನು ಸೇರುತ್ತದೆ. ಆದುದರಿಂದ ಹೊಸ ಎಣ್ಣೆಯು ಬೇಗನೆ ಕಪ್ಪಾದರೆ ಗಾಬರಿಪಡಬೇಕಾಗಿಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಬದಲಿಸುವ ಕಾಲವನ್ನು ಬಣ್ಣದಿಂದಲ್ಲ, ವಾಹನದ ಕೈಪಿಡಿಯಿಂದ ತಿಳಿಯಬೇಕು. ಅದರಲ್ಲಿ ಹೇಳಿದ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲು ತುಂಬುವುದೋ ಅದೇ ಗಡುವು. ಸಂಚಾರಿ ಮನೆಗಳು ಬಹುಕಾಲ ನಿಂತೇ ಇರುವುದರಿಂದ ಇಲ್ಲಿ ತಿಂಗಳ ಲೆಕ್ಕವೇ ಮುಖ್ಯ. ಹಳೆಯ ಎಣ್ಣೆಯಲ್ಲಿ ಕೂಡಿದ ತೇವ, ಆಮ್ಲಗಳು ನಿಂತಲ್ಲೇ ಬೇರಿಂಗುಗಳನ್ನು ತಿನ್ನುತ್ತವೆ. ಮಳೆಗಾಲಕ್ಕೆ ಗಾಡಿಯನ್ನು ನಿಲ್ಲಿಸುವ ಮುನ್ನವೇ ಎಣ್ಣೆ ಬದಲಿಸುವುದು ಜಾಣತನ.

ಎಣ್ಣೆಯ ಆಯ್ಕೆಯಲ್ಲಿಯೂ ಕೈಪಿಡಿಯೇ ಪ್ರಮಾಣ. 15ಡಬ್ಲ್ಯು-40 ಎಂಬ ಗುರುತಿನಲ್ಲಿ ಮೊದಲ ಅಂಕಿಯು ಚಳಿಯಲ್ಲಿಯೂ, ಎರಡನೆಯದು ಕಾದ ಎಂಜಿನ್ನಿನಲ್ಲಿಯೂ ಎಣ್ಣೆಗಿರುವ ಮಂದತೆಯನ್ನು ಸೂಚಿಸುತ್ತದೆ. ಭಾರತ್ ಸ್ಟೇಜ್ 6 ನಿಯಮವು 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ತಡೆಯುವ ಶೋಧಕವು ಸಾಮಾನ್ಯವಾಗಿದೆ. ಅಂಥವುಗಳಿಗೆ ಬೂದಿಯಂಶ ಕಡಿಮೆಯಿರುವ ಎಣ್ಣೆಯೇ ಆಗಬೇಕು. ಇಲ್ಲವಾದರೆ ಶೋಧಕವು ಬೇಗ ಕಟ್ಟಿಕೊಳ್ಳುತ್ತದೆ.

ಇನ್ನು ಕೆಲಸದ ಕ್ರಮ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಅಡೆ ಕೊಡಬೇಕು. ಎಂಜಿನ್ನನ್ನು ಐದು ಹತ್ತು ನಿಮಿಷ ನಡೆಸಿ ಆರಿಸಿದರೆ ಎಣ್ಣೆ ತೆಳುವಾಗಿ ಕೊಳೆಯೊಡನೆ ಸಲೀಸಾಗಿ ಇಳಿಯುತ್ತದೆ. ಅದು ಕೈ ಸುಡುವಷ್ಟು ಬಿಸಿಯಾಗಿರಕೂಡದು. ಇಷ್ಟು ಭಾರದ ವಾಹನವನ್ನು ಬರಿಯ ಜಾಕಿಯ ಮೇಲೆ ನಿಲ್ಲಿಸಿ ಅಡಿಗೆ ನುಸುಳುವುದು ಪ್ರಾಣಾಂತಿಕವಾದೀತು. ಕೆಳಗಿಟ್ಟ ಪಾತ್ರೆಯು ಎಂಜಿನ್ನಿನ ಎಣ್ಣೆಯೆಲ್ಲವನ್ನೂ ಹಿಡಿಯುವಷ್ಟು ದೊಡ್ಡದಿರಲಿ. ಎಣ್ಣೆ ಇಳಿದ ಬಳಿಕ ಡ್ರೇನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿಯಬೇಕು. ಬಲಪ್ರಯೋಗದಿಂದ ಮರೆ ಕೆಟ್ಟರೆ ಸಂಪನ್ನೇ ಬದಲಿಸಬೇಕಾದೀತು.

ಫಿಲ್ಟರಿನ ವಿಷಯದಲ್ಲಿ ಈ ಲೇಖಕನು ತನ್ನ ಅಜಾಗ್ರತೆಗೆ ದಂಡ ತೆತ್ತದ್ದುಂಟು. ಹಳೆಯ ಫಿಲ್ಟರನ್ನು ಬಿಚ್ಚಿದಾಗ ಅದರ ರಬ್ಬರ್ ಉಂಗುರವು ಎಂಜಿನ್ನಿಗೇ ಅಂಟಿಕೊಂಡಿತ್ತು. ಅದನ್ನು ಗಮನಿಸದೆ ಹೊಸದನ್ನು ತಿರುಗಿಸಿ ಕೂಡಿಸಿದೆನು. ಎಂಜಿನ್ ಹೊರಟ ಕ್ಷಣದಲ್ಲಿ ಎರಡು ಉಂಗುರಗಳ ನಡುವಿನಿಂದ ಎಣ್ಣೆ ಚಿಮ್ಮಿ ನೆಲವನ್ನೆಲ್ಲ ತೋಯಿಸಿತು. ಅಂಗಳದಲ್ಲಿ ಆದದ್ದು ಪುಣ್ಯ. ಕೊಂಕಣದ ಘಟ್ಟವೇರುವಾಗ ಆಗಿದ್ದರೆ ಎಂಜಿನ್ನೇ ಹಿಡಿದುಕೊಂಡು ನಿಲ್ಲುತ್ತಿತ್ತು. ಅಂದಿನಿಂದ, ಹಳೆಯ ಉಂಗುರವನ್ನು ಕಣ್ಣಾರೆ ಕಾಣದೆ ಹೊಸ ಫಿಲ್ಟರನ್ನು ಮುಟ್ಟಿದವನಲ್ಲ. ಹೊಸ ಉಂಗುರಕ್ಕೆ ತುಸು ಎಣ್ಣೆ ಸವರಿ, ಅದು ತಾಗಿದ ಮೇಲೆ ಫಿಲ್ಟರಿನ ಮೇಲೆ ಸೂಚಿಸಿದಷ್ಟೇ ಸುತ್ತು ಕೈಯಿಂದ ಬಿಗಿಯುವುದು ಕ್ರಮ.

ಎಣ್ಣೆಯನ್ನು ಲೆಕ್ಕಕ್ಕಿಂತ ಕಡಿಮೆಯೇ ಸುರಿದು, ಎಂಜಿನ್ನನ್ನು ಒಂದು ನಿಮಿಷ ಮೆಲ್ಲನೆ ನಡೆಸಿ, ಎಣ್ಣೆಯೊತ್ತಡದ ದೀಪ ಆರಿತೇ, ಎಲ್ಲಿಯಾದರೂ ಸೋರುತ್ತಿದೆಯೇ ಎಂದು ನೋಡಬೇಕು. ಆರಿಸಿ ಕೆಲವು ನಿಮಿಷ ಕಾದು, ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ಮಟ್ಟ ಬರುವಂತೆ ತುಸುತುಸುವಾಗಿ ಸೇರಿಸಬೇಕು. ಹೆಚ್ಚು ಇದ್ದರೆ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಮಿತಿಮೀರಿದ ಎಣ್ಣೆಯು ಗಾಳಿಯ ದಾರಿಗೆ ಸೇರಿದರೆ, ಡೀಸೆಲ್ ಎಂಜಿನ್ ಅದನ್ನೇ ಇಂಧನವಾಗಿ ಉರಿಸುತ್ತ, ಕೀಲಿ ತಿರುಗಿಸಿದರೂ ನಿಲ್ಲದೆ ಹುಚ್ಚು ವೇಗದಲ್ಲಿ ಓಡುವ ಅಪಾಯವಿದೆ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಕೈ ತೊಳೆಯುವಂತಿಲ್ಲ. ಬಳಸಿದ ಎಣ್ಣೆಯನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತವೆ. ಅದನ್ನು ಚರಂಡಿಗೆ ಸುರಿದರೆ ನಾವು ಯಾವ ಹೊಳೆ ಕಡಲುಗಳನ್ನು ನೋಡಲು ಹೊರಟೆವೋ ಅವನ್ನೇ ಕೆಡಿಸಿದಂತಾಗುತ್ತದೆ. ಡಬ್ಬಿಯಲ್ಲಿ ಭದ್ರವಾಗಿ ತುಂಬಿ, ಪರವಾನಗಿ ಪಡೆದ ಸಂಸ್ಕರಣಾಗಾರಕ್ಕೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಬಳಿಕ ದಿನಾಂಕವನ್ನೂ ಕಿಲೋಮೀಟರನ್ನೂ ಪುಸ್ತಕದಲ್ಲಿ ಬರೆದಿಟ್ಟರೆ ಆ ದಿನದ ಕೆಲಸ ಮುಗಿದಂತೆ. ಮರುದಿನ ಬೆಳಿಗ್ಗೆ ಗಾಡಿಯ ಅಡಿಗೆ ಬಗ್ಗಿ ನೋಡಿದಾಗ ನೆಲ ಒಣಗಿದ್ದರೆ, ಊರಿನ ದಾರಿಯನ್ನು ನಿಶ್ಚಿಂತೆಯಿಂದ ಹಿಡಿಯಬಹುದು.