ಅಲಾರಾಂ ಹೊಡಿತೈತಿ, ಮನುಷ್ಯಾ ಏಳಂಗಿಲ್ಲ!

ಗಿಣಿಗೇರಾ: ಕೊಪ್ಪಳ-ಹೊಸಪೇಟೆ ರಸ್ತೆಯ ಈ ಊರಿನ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಬಂದ ಮೇಲೆ ಇಲ್ಲಿನ ಬೆಳಗು ಕೋಳಿಯ ಕೈ ತಪ್ಪಿ ಗಡಿಯಾರದ ಕೈ ಸೇರಿದೆ. ಪಾಳಿಗೆ ಹೊರಡುವವರು, ಹುಬ್ಬಳ್ಳಿ ಕಡೆಯ ರೈಲು ಹಿಡಿಯುವವರು, ಕೊಪ್ಪಳದ ಬಸ್ಸಿಗೆ ನಿಲ್ಲುವವರು, ನಸುಕಿನಲ್ಲೇ ಒಲೆ ಹಚ್ಚಬೇಕಾದ ಚಹಾದಂಗಡಿಯವರು, ಎಲ್ಲರ ದಿಂಬಿನ ಬಳಿಯೂ ಒಂದು ಮೊಬೈಲು. ಅಲಾರಾಂ ಏನೋ ಹೊಡೆಯುತ್ತದೆ. ಕೈ ತಾನಾಗಿಯೇ ಹೋಗಿ ಬಂದ್ ಮಾಡುತ್ತದೆ. "ಹೊಡದದ್ದ ಗೊತ್ತಾಗ್ಲಿಲ್ರಿ" ಎಂಬುದು ತಡವಾಗಿ ಬಂದವರೆಲ್ಲರ ಒಂದೇ ಮಾತು. ದಿನಗೂಲಿಯವನಿಗೆ ಈ ಮಾತಿನ ಬೆಲೆ ಒಂದು ದಿನದ ಪಗಾರ!

ಬೇಕಾದ ವೇಳೆಗೆ ಇಡಬಹುದಾದ ಅಲಾರಾಂ ಗಡಿಯಾರಕ್ಕೆ ಫ್ರಾನ್ಸಿನ ಆಂತ್ವಾನ್ ರೆಡಿಯೆ 1847ರಲ್ಲೇ ಪೇಟೆಂಟ್ ಪಡೆದಿದ್ದ. ಆದರೂ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಕಾರ್ಮಿಕರನ್ನು ಏಳಿಸಲು ಕೂಲಿಯ ಜನರೇ ಇದ್ದರು. ಉದ್ದ ಕೋಲಿನಿಂದ ಕಿಟಕಿ ಬಡಿಯುವುದೇ ಅವರ ಕಸುಬು. ಅಲಾರಾಮಿನ ಗುಂಡಿ ಒತ್ತಿ ಮಲಗಬಹುದು, ಕೋಲು ಹಿಡಿದು ನಿಂತವನನ್ನು ಒತ್ತಲಾದೀತೇ? 1956ರಲ್ಲಿ ಅಮೆರಿಕದಲ್ಲಿ 'ಸ್ನೂಜ್' ಗಡಿಯಾರ ಮಾರಾಟಕ್ಕೆ ಬಂತು. ಇನ್ನಷ್ಟು ಹೊತ್ತು ಮಲಗಗೊಡುವ ಆ ಗುಂಡಿಯೇ ಇಂದು ಬಸ್ಸು ತಪ್ಪಿಸುವ ಗುಂಡಿ.

ಹಾಗಾದರೆ ಮಾಡುವುದೇನು? ಮೊದಲನೆಯದು, ಮೊಬೈಲನ್ನು ಎದ್ದು ನಾಲ್ಕು ಹೆಜ್ಜೆ ನಡೆದರಷ್ಟೇ ಸಿಗುವ ಗೂಡಿನಲ್ಲಿ ಇಡಬೇಕು. ಎರಡನೆಯದು, ದನಿ. ಬೆಂಕಿ ಅಲಾರಾಂಗಳ ಪರೀಕ್ಷೆಯಲ್ಲಿ ಕೀಚಲು ದನಿಗಿಂತ 520 ಹರ್ಟ್ಸ್‌ನ ದಪ್ಪ ದನಿಯೇ ಮಲಗಿದವರನ್ನು ಹೆಚ್ಚಾಗಿ ಏಳಿಸಿದೆ. ವಯಸ್ಸಾಗಿ ಕಿವಿ ಮಂದವಾದವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಮೂರನೆಯದು, ಎದ್ದ ಕೂಡಲೇ ಲೈಟು ಹಾಕಬೇಕು. ಮೈಗೆ ಬೆಳಗಾಯಿತೆಂದು ಹೇಳುವುದೇ ಬೆಳಕು.

ಗಾಢ ನಿದ್ದೆಯಿಂದ ಥಟ್ಟನೆ ಎದ್ದವನಿಗೆ ಮಂಪರು ಅರ್ಧ ತಾಸಾದರೂ ಇರಬಹುದು. ಅದೇ ಮಂಪರಿನಲ್ಲಿ ಲಾರಿಗಳ ಹೆದ್ದಾರಿಗೆ ಬೈಕು ಇಳಿಸುವುದು, ಕುಲುಮೆಯ ಮುಂದೆ ನಿಲ್ಲುವುದು ಪಗಾರ ಕಳೆದುಕೊಂಡಂತಲ್ಲ, ಜೀವಕ್ಕೇ ಸಂಚಕಾರ. ಮುಖ ತೊಳೆದು, ಒಂದು ಕಪ್ ಚಹಾ ಕುಡಿದು, ಕಣ್ಣು ಪೂರಾ ತೆರೆದ ಮೇಲೆ ಹೊರಡುವಷ್ಟು ಮೊದಲೇ ಅಲಾರಾಂ ಇಡುವುದು ಜಾಣತನ.

ಆದರೆ ಕೊರತೆ ಬಿದ್ದ ನಿದ್ದೆಯನ್ನು ಯಾವ ಅಲಾರಾಮೂ ತುಂಬಿಕೊಡದು. ದೊಡ್ಡವರಿಗೆ ಏಳು ತಾಸಾದರೂ ನಿದ್ದೆ ಬೇಕು. ನಾಲ್ಕೂವರೆಗೆ ಏಳಬೇಕಾದವರು ಒಂಬತ್ತೂವರೆಗೆ ದೀಪ ಆರಿಸಬೇಕು. ಹನ್ನೊಂದರ ತನಕ ಮೊಬೈಲು ನೋಡಿ, ನಸುಕಿನಲ್ಲಿ ಅದೇ ಮೊಬೈಲಿಗೆ ಬೈದರೆ ಅದಾದರೂ ಏನು ಮಾಡೀತು?